ದಿಬ್ಬೂರಹಳ್ಳಿಯ ಕಡಸುಗಳೂ ಪುಟ್ಟಸ್ವಾಮಯ್ಯನವರ ಹಟವೂ

ಹಸುವಿನ ಮೈ ಮುಟ್ಟುವಾಗ ಎಷ್ಟು ಮೃದುವೋ ಮೇಲಧಿಕಾರಿಗಳ ಮುಂದೆ ಅಷ್ಟೇ ಗಟ್ಟಿಯಾಗಿ ನಿಂತ ಪಶುವೈದ್ಯ ಶ್ರೀ ಪುಟ್ಟಸ್ವಾಮಯ್ಯನವರು ಈ ವರ್ಷ ನಿವೃತ್ತರಾಗುತ್ತಿದ್ದಾರೆ. ಗೌರಿಬಿದನೂರು, ಚಿಂತಾಮಣಿಗಳಲ್ಲಿ ಸೇವೆ ಸಲ್ಲಿಸಿ ೧೯೫೬ರಲ್ಲಿ ಶಿಡ್ಲಘಟ್ಟಕ್ಕೆ ಬಂದ ಅವರ ಉಪಕಾರಗಳು ಅನೇಕ. ಕೈಕೆಳಗೆ ದುಡಿದ ನಮಗೆ ಮಾತ್ರ ಮೊದಲು ನೆನಪಾಗುವುದು ಅವರ ಹಟ.

ದಿಬ್ಬೂರಹಳ್ಳಿಯ ಅಮ್ಮಾಜಮ್ಮನವರ ಮನೆಯಲ್ಲಿ ರೇಷ್ಮೆಹುಳುವಿನ ತಟ್ಟೆಗಳೂ ಹಸುವೂ ಒಂದೇ ಸೂರಿನಡಿ ಇದ್ದವು. ಹುಳು ಗೂಡು ಕಟ್ಟುವಾಗ ಸದ್ದಾಗಬಾರದೆಂದು ಗಬ್ಬದ ಹಸುವಿಗೆ ಗಸಗಸೆ ಕಾಯಿಯ ಸಿಪ್ಪೆ ಬೇಯಿಸಿದ ನೀರು ಕುಡಿಸಿ ಮಂಕಾಗಿಸುವುದು ಅತ್ತೆಯ ಕಾಲದಿಂದ ಬಂದ ರೂಢಿ. ಆ ಸಿಪ್ಪೆಯಲ್ಲಿರುವುದು ಅಫೀಮಿನ ಅಂಶವೇ. ಹಸುವಿಗೇನೂ ಆಗಲಿಲ್ಲ, ಹುಟ್ಟಿದ ಹೆಣ್ಣುಕರು ಬೆಳ್ಳಿಯೂ ಚಂಗನೆ ನೆಗೆಯಿತು. ಆದರೆ ಬೆಳೆದು ಕಡಸಾದ ಮೇಲೆ ಬೆದೆಗೇ ಬರಲಿಲ್ಲ. ಗಂಡ ರಾಮಾಂಜಿನಪ್ಪ ಅದನ್ನು ಕಟುಕರಿಗೆ ಕೊಡಲು ಮಾತಾಡಿಬಿಟ್ಟಿದ್ದರು.

ಹುಳು ಸಾಕುವ ಬೇರೆ ಮನೆಗಳಲ್ಲೂ ಇದೇ ಗೋಳು. ಹೊರಗಿನಿಂದ ತಂದ ಕಡಸುಗಳಿಗೆ ತೊಂದರೆಯಿಲ್ಲ. ತಾಯಿ ಕುಡಿದದ್ದು ಗರ್ಭದಲ್ಲಿನ ಹೆಣ್ಣುಕರುವಿಗೂ ತಲುಪಿ, ಮುಂದೆ ಬೆದೆ ತರಬೇಕಾದ ಹಾರ್ಮೋನುಗಳನ್ನು ವರ್ಷಗಳ ಅನಂತರವೂ ಏರುಪೇರು ಮಾಡುತ್ತಿದೆಯೆಂಬ ಗುಮಾನಿ ಪುಟ್ಟಸ್ವಾಮಯ್ಯನವರಿಗೆ ಬಂತು. ಮೇಲಿನವರು ನಕ್ಕು, ಮೇವು ಸಾಲದು, ಅಷ್ಟೇ ಎಂದರು. ಪುಟ್ಟಸ್ವಾಮಯ್ಯನವರು ತಲೆಯಾಡಿಸಿ ನೇರ ದಿಬ್ಬೂರಹಳ್ಳಿಗೆ ಸೈಕಲ್ ತುಳಿದರು. ಬೆಳ್ಳಿಯ ತಾಯಿ ಮತ್ತೆ ಗಬ್ಬವಾಗಿತ್ತು. ಈ ಸಲ ಸಿಪ್ಪೆ ನೀರು ಬೇಡವೆಂದರು.

“ಹುಳ ಕೆಟ್ರೆ ವರ್ಷದ ಅನ್ನ ಹೋಯ್ತದೆ ಸ್ವಾಮಿ. ಮನೆಯೋರಿಗೆ ಏನಂತ ಹೇಳ್ಲಿ?” ಎಂದರು ಅಮ್ಮಾಜಮ್ಮ.

“ಹುಳ ನಿಮ್ಮನೇಲಿರ್ಲಿ ತಾಯಿ. ಹಸು ನಮ್ಮನೇಲಿರ್ಲಿ.”

ಹಾಗೆಯೇ ಆಯಿತು. ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆಲ್ಲ ಡಾಕ್ಟರು ತಾವೇ ಹಗ್ಗ ಹಿಡಿದು ಹಸುವನ್ನು ಶಿಡ್ಲಘಟ್ಟಕ್ಕೆ ಹೊಡೆದುಕೊಂಡು ಬರುತ್ತಿದ್ದರು. ಬೆಳ್ಳಿಯನ್ನೂ ಕಟುಕರಿಂದ ಬಿಡಿಸಿ ತಂದರು. ಡಾಕ್ಟರ ಮನೆಯಲ್ಲಿ ಹಸುವಿನ ಬಾಣಂತನವೆಂದು ಪೇಟೆಯೆಲ್ಲ ಆಡಿಕೊಂಡಿತು. ಸಗಣಿ ಬಾಚುತ್ತಿದ್ದ ಅವರ ಪತ್ನಿ ಗೋದಮ್ಮನವರು ಮಾತ್ರ ನಗಲಿಲ್ಲ.

ಆ ಸಲ ಹುಟ್ಟಿದ ಹೆಣ್ಣುಕರುವಿಗೆ ಗೌರಿಯೆಂದು ಹೆಸರಿಟ್ಟರು. ಅದು ಬೆಳೆದು ಕಾಲಕ್ಕೆ ಸರಿಯಾಗಿ ಬೆದೆಗೆ ಬಂದು ಈದಿತು. ಒಂದು ಕರು ಸಾಕ್ಷಿಯಾಗದೆಂದವರೂ ಪುಟ್ಟಸ್ವಾಮಯ್ಯನವರೇ. ಮನೆಮನೆಗೆ ಅಲೆದು, ಬೈಸಿಕೊಂಡು, ಸಿಪ್ಪೆ ನೀರು ಬಿಡಿಸಿ ಹಸುವಿಗೆ ಬೇರೆ ಚಪ್ಪರ ಹಾಕಿಸಿದರು. ವರ್ಷಗಳುರುಳಿದಂತೆ ಆ ಮನೆಗಳಲ್ಲಿ ಆಮೇಲೆ ಹುಟ್ಟಿದ ಕಡಸುಗಳೂ ಗಬ್ಬ ಕಟ್ಟಿದವು. ಬೆಳ್ಳಿಯೊಂದಕ್ಕೆ ಮಾತ್ರ ಅವರ ಯಾವ ಔಷಧಿಯೂ ಹತ್ತಲಿಲ್ಲ. ಅದು ಇಂದಿಗೂ ಅವರ ಹಿತ್ತಲಲ್ಲಿದೆ.

ಮೊನ್ನೆ ಅಮ್ಮಾಜಮ್ಮನವರು ಗೌರಿಯ ಹೊಸ ಈತದ ಗಿಣ್ಣು ಮಾಡಿ ತಂದಿದ್ದರು. ಹಿತ್ತಲಿಗೆ ಹೋಗಿ ಬೆಳ್ಳಿಯ ಕೊರಳಡಿಯ ಗಂಗೆದೊಗಲು ನೇವರಿಸುತ್ತ ನಿಂತುಬಿಟ್ಟರು.

“ಇವಳ ಅಮ್ಮಂಗೆ ನನ್ ಕೈಯಾರೆ ಕುಡಿಸ್ದೆ ಸ್ವಾಮಿ.”

“ಆಗ ನಿಮಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ ತಾಯಿ. ಪೆರೇಸಂದ್ರದ ಕಡೆ ಇನ್ನೂ ಕುಡಿಸ್ತಾರಂತೆ. ನಾಳೆ ನನ್ ಜತೆ ಬರ್ತೀರಾ? ನಾನು ಹೇಳೋದಕ್ಕಿಂತ ನೀವು ಹೇಳಿದ್ರೆ ಕೇಳ್ತಾರೆ.”

ಅಮ್ಮಾಜಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡು, ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದರು.

ನಿವೃತ್ತಿಯ ಆದೇಶ ಪುಟ್ಟಸ್ವಾಮಯ್ಯನವರ ಕೈ ಸೇರಿದೆ, ಕಿವಿಗೆ ಬಿದ್ದಂತಿಲ್ಲ. ಭಗವಂತ ಅವರಿಗೆ ದೀರ್ಘಾಯುಸ್ಸು ಕೊಡಲಿ, ಮೊಣಕಾಲಿಗೂ ಒಂದಿಷ್ಟು ಬಲ ಕೊಡಲಿ. ಪೆರೇಸಂದ್ರದಲ್ಲಿ ಹುಳು ಸಾಕುವ ಮನೆಗಳು ಬಹಳ.