ಕಾರ್ಬನ್ ಪ್ರತಿ ಇಲ್ಲದ ಒಂದು ರಾಗ

ನನ್ನ ಅಪ್ಪ ಕೆಟ್ಟವನಲ್ಲ. ನನಗೆ ಸಿಟ್ಟು ಬರುವುದೇ ಅದಕ್ಕೆ. ಕೆಟ್ಟವನಾಗಿದ್ದರೆ ಒಂದು ಸಲ ಚೆನ್ನಾಗಿ ಬೈದು ಕೈತೊಳೆದುಕೊಳ್ಳಬಹುದಿತ್ತು. ಅವನು ಕೇಳದೆಯೇ ಉಪಕಾರ ಮಾಡುವ ಪೈಕಿ. ಅಂಥವರ ಮೇಲೆ ಕೂಗಾಡಿದರೆ ಕೂಗಾಡಿದವರೇ ಕೆಟ್ಟವರಾಗುತ್ತಾರೆ.

ಅತ್ತೆ, ಅಂದರೆ ಅಪ್ಪನ ಅಕ್ಕ, ಮೂವತ್ತೊಂದು ವರ್ಷ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದಳು. ಜೊತೆಯವರು ಇಟ್ಟ ಹೆಸರು ‘ಟಕಟಕ’. ಯಾಕೆ ಮದುವೆಯಾಗಲಿಲ್ಲ ಅಂತ ಕೇಳಿದರೆ ‘ಪುರುಸೊತ್ತಾಗ್ಲಿಲ್ಲ’ ಅನ್ನುತ್ತಿದ್ದಳು. ಕಚೇರಿಯವರು ಹಳೇ ಕಂಪ್ಯೂಟರುಗಳನ್ನು ಹೊರಗೆ ಹಾಕಿದಾಗ ಒಂದನ್ನು ಕೇಳಿ ತಂದಳು. ಹಳದಿಗೆ ತಿರುಗಿದ ಡಬ್ಬ, ಉಬ್ಬಿದ ಗಾಜಿನ ಪರದೆ, ಜೊತೆಗೆ ರಟ್ಟಿನ ಪೆಟ್ಟಿಗೆ ತುಂಬ ಫ್ಲಾಪಿ. ಅವುಗಳಲ್ಲಿ ಸಂಗೀತ ಕಟ್ಟುವ ಸಾಫ್ಟ್‌ವೇರ್ ಮೂರಿದ್ದವು.

ಮೊದಲನೆಯದರಲ್ಲಿ ಐದು ಗೆರೆಗಳ ಮೇಲೆ ಸ್ವರ ಕೂರಿಸಬೇಕು. ‘ಈ ಹುಳಗಳನ್ನ ಓದೋಕೆ ಇನ್ನೊಂದು ಜನ್ಮ ಬೇಕು’ ಅಂತ ಮುಚ್ಚಿಟ್ಟಳು. ಎರಡನೆಯದರಲ್ಲಿ ಮೌಸ್ ಹಿಡಿದು ಪಟ್ಟಿ ಎಳೆಯಬೇಕು. ಅದು ಅವಳ ಬೆರಳಿಗೆ ಅವಮಾನ. ಮೂರನೆಯದರಲ್ಲಿ ಚಿತ್ರವೇ ಇಲ್ಲ. ಕಪ್ಪು ಪರದೆಯ ಮೇಲೆ ನಾಲ್ಕು ಕಾಲಂ, ಸಾಲಿಗೊಂದು ಸ್ವರದ ಅಕ್ಷರ, ವಾದ್ಯದ ಸಂಖ್ಯೆ, ಸದ್ದಿನ ಪ್ರಮಾಣ. ಬರೀ ಟೈಪು. ಮಿಕ್ಕವರೆಲ್ಲ ಹೆದರಿ ಓಡುವ ಅದನ್ನೇ ಅತ್ತೆ ಆರಿಸಿಕೊಂಡಳು. ಹಾಡಿದರೆ ಮಲಗಿದ ಮಗು ಎದ್ದು ಅಳುವಂಥ ಗಂಟಲು ಅವಳದು. ಆ ಅತ್ತೆ ಹದಿನಾರು ವರ್ಷದಲ್ಲಿ ನಲವತ್ತೆರಡು ರಾಗ ಕಟ್ಟಿದಳು.

ಈ ವರ್ಷ ಕಣ್ಣಿನ ಪೊರೆ ತೆಗೆಸಿಕೊಂಡು ನಾಲ್ಕು ದಿನ ನಮ್ಮ ಮನೆಯಲ್ಲಿದ್ದಳು. ಆ ನಾಲ್ಕು ದಿನದಲ್ಲಿ ಅಪ್ಪ ಅವಳ ಬೀಗದ ಕೈ ತೆಗೆದುಕೊಂಡು ಹೋಗಿ, ಮನೆಗೆ ಸುಣ್ಣ ಬಳಿಸಿ, ‘ಆ ಪೀಡೆ’ಯನ್ನು ಫ್ಲಾಪಿಗಳ ಸಮೇತ ಗುಜರಿಗೆ ಕೊಟ್ಟು, ಮೇಜಿನ ಮೇಲೆ ಹೊಸ ಲ್ಯಾಪ್‌ಟಾಪ್ ಇಟ್ಟು ಬಂದ. ನಮಗ್ಯಾರಿಗೂ ಸುಳಿವು ಕೊಡಲಿಲ್ಲ.

ಐದನೇ ದಿನ ನಾವೆಲ್ಲ ಅವಳನ್ನು ಅವಳ ಮನೆಗೆ ಕರೆದುಕೊಂಡು ಹೋದೆವು. ಅತ್ತೆ ಹೊಸ ಕಣ್ಣಿನಿಂದ ಅಲ್ಲಿ ಮೊದಲು ನೋಡಿದ್ದು ಡಬ್ಬ ಇಲ್ಲದ ಆ ಜಾಗವನ್ನು.

‘ಎಲ್ಲಿ?’ ಅಂದಳು.

‘ಅದರ ಕಾಲ ಮುಗೀತಕ್ಕ. ಇದು ನೋಡು, ಎಷ್ಟು ತೆಳ್ಳಗಿದೆ!’

ನನಗೆ ಪಿತ್ತ ನೆತ್ತಿಗೇರಿತು. ಗುಜರಿ ಅಂಗಡಿಗೆ ಓಡಿದೆ. ಅಂಗಡಿಯವನು ಡಬ್ಬವನ್ನು ಅವತ್ತು ಬೆಳಿಗ್ಗೆಯೇ ಸುತ್ತಿಗೆಯಿಂದ ಒಡೆದು, ತಾಮ್ರ ಬೇರೆ, ತಗಡು ಬೇರೆ ಮಾಡಿದ್ದ. ಫ್ಲಾಪಿಗಳು ಪುಡಿಪುಡಿಯಾಗಿದ್ದವು. ವಾಪಸ್ಸು ಬಂದು ಅಪ್ಪನ ಮೇಲೆ ಬಾಯಿಗೆ ಬಂದಂತೆ ಕೂಗಾಡಿದೆ. ‘ಒಳ್ಳೇದು ಮಾಡೋದೂ ತಪ್ಪಾ?’ ಅಂತ ಅವನು ಮುಖ ಊದಿಸಿಕೊಂಡ. ಅಮ್ಮ ನನ್ನನ್ನೇ ಗದರಿದಳು.

ಅತ್ತೆ ಮಂಚದ ಕೆಳಗಿನ ಟ್ರಂಕ್ ಎಳೆದಳು. ಒಳಗೆ ಟೈಪ್ ಮಾಡಿದ ಹಾಳೆಗಳು, ಪ್ರತಿಯೊಂದರ ಹಿಂದೆ ಕಾರ್ಬನ್ ಪ್ರತಿ. ರಾಗ ಮುಗಿದ ದಿನ ಪರದೆ ನೋಡಿಕೊಂಡು, ಒಂದು ಸಾಲೂ ಬಿಡದೆ, ತನ್ನ ಹಳೇ ಟೈಪ್‌ರೈಟರಿನಲ್ಲಿ ಇಳಿಸಿಡುತ್ತಿದ್ದಳಂತೆ. ಕಚೇರಿಯ ಚಾಳಿ. ನಾನು ಅಳುತ್ತಾ ಅವಳನ್ನು ತಬ್ಬಿಕೊಂಡೆ. ಅವಳು ಮಾತ್ರ ನಗಲಿಲ್ಲ. ಯಾಕೆಂದು ಆಗ ನನಗೆ ಹೊಳೆಯಲಿಲ್ಲ.

ಆ ಹಳೇ ಸಾಫ್ಟ್‌ವೇರಿನ ಪ್ರತಿಯೊಂದು ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ಅದನ್ನು ಹೊಸ ಯಂತ್ರದೊಳಗೆ ಓಡಿಸುವ ದಾರಿಯನ್ನು ಒಂದು ವಾರ ಹುಡುಕಿದೆ. ‘ಇದಕ್ಕಿಂತ ಒಳ್ಳೇವು ಬಂದಿವೆ ಅತ್ತೆ’ ಅಂತ ಎರಡು ಮೂರು ತೋರಿಸಿದೆ. ‘ನೀನೂ ನಿಮ್ಮಪ್ಪನ ಮಗಳೇ’ ಅಂದಳು. ಬಾಯಿ ಮುಚ್ಚಿಕೊಂಡು ಹಳೆಯದನ್ನೇ ಹಾಕಿಕೊಟ್ಟೆ. ಎರಡು ತಿಂಗಳು ಟಕಟಕ ನಡೆಯಿತು. ನಲವತ್ತೆರಡೂ ವಾಪಸ್ಸು ಬಂದವು.

ಒಂದು ಭಾನುವಾರ ಮಧ್ಯಾಹ್ನ ಅಪ್ಪ ಕೇಳಲು ಬಂದ. ಕಾಲು ಮೇಲೆ ಕಾಲು ಹಾಕಿ ಕೂತು, ‘ನೋಡಿದ್ಯಾ, ಏನೂ ಹೋಗ್ಲಿಲ್ಲ. ಸುಮ್ನೆ ರಂಪ ಮಾಡಿದ್ರಿ’ ಅಂದ. ಆಮೇಲೆ, ‘ಅಕ್ಕ, ನಮ್ಮಮ್ಮ ಹೊಲಿಗೆ ಮೆಷಿನ್ ತುಳೀತಾ ಒಂದು ರಾಗ ಗುನುಗ್ತಿದ್ಳಲ್ಲ, ಅದನ್ನ ಹುಡುಕ್ತಾ ಇದೀನಿ ಅಂತ ನೀನೇ ಅಂದಿದ್ದೆ. ಅದನ್ನ ಹಾಕು.’

ಅತ್ತೆ ಖಾಲಿ ಪುಟ ತೆರೆದಳು. ನಾಲ್ಕು ಕಾಲಮ್ಮಿನಲ್ಲೂ ಬರೀ ಅಡ್ಡಗೆರೆ.

‘ಏಳು ವರ್ಷ ಹುಡುಕಿದೆ. ಒಂದೊಂದೇ ಸ್ವರ ಸಿಕ್ಕಿದಾಗ ಆ ಹಳೇ ಕಂಪ್ಯೂಟರಿಗೆ ಕೊಟ್ಟು ಮರೀತಿದ್ದೆ. ಕೊನೇ ನಾಲ್ಕು ಸಾಲು ಬಾಕಿ ಇತ್ತು. ಮುಗೀದೇ ಇರೋದಕ್ಕೆ ನಾನು ಕಾರ್ಬನ್ ಇಡಲ್ಲ.’

ಅಪ್ಪ ಕಾಲು ಕೆಳಗಿಳಿಸಿದ.

‘ನೀನೂ ಅವಳ ಹೊಟ್ಟೇಲೇ ಹುಟ್ಟಿದ್ದಲ್ವಾ? ಗುನುಗು. ನಾನು ಟೈಪ್ ಮಾಡ್ತೀನಿ.’

ಅಪ್ಪ ನನ್ನ ಕಡೆ ನೋಡಿದ. ನಾನು ನೋಡಲಿಲ್ಲ. ಅವನು ಗಂಟಲು ಸರಿಮಾಡಿಕೊಂಡು ಶುರು ಮಾಡಿದ. ಮೂರು ಸ್ವರ ಬಂದವು, ಅತ್ತೆ ಮೂರನ್ನೂ ಒತ್ತಿದಳು. ನಾಲ್ಕನೆಯದು ಯಾವುದೋ ಜಾಹೀರಾತಿನ ಹಾಡಿಗೆ ಜಾರಿತು. ಮತ್ತೆ ಶುರು ಮಾಡಿದ. ಮತ್ತೆ ಅಲ್ಲೇ ನಿಂತ.

‘ಮುಂದೆ?’ ಅಂದಳು ಅತ್ತೆ, ಕೀಲಿಗಳ ಮೇಲಿನ ಬೆರಳು ತೆಗೆಯದೆ.