ಚಮಚದ ಮೇಡಂ

ಫೋರ್ಟ್ ಬಡಾವಣೆಯ ನಮ್ಮ ಹೋಟೆಲಿಗೆ ಆಹಾರ ಸುರಕ್ಷತೆಯ ತರಬೇತಿ ಕೊಡಲು ಬಂದವರನ್ನು ನಾವು ಚಮಚದ ಮೇಡಂ ಎಂದೇ ಕರೆಯುತ್ತಿದ್ದೆವು. ಅದೇ ಊರಿನ ಸಯನ್‌ನಲ್ಲಿ ಹುಟ್ಟಿ ಬೆಳೆದ, ಮಾತಿಗೆ ಹಿಂದಿ ಬೆರೆಸುವ ಕನ್ನಡದವರು. ತಲೆಗೆ ಟೋಪಿ ಹಾಕಿಕೊಂಡೇ ಅಡುಗೆಮನೆಯ ಹೊಸ್ತಿಲು ದಾಟುತ್ತಿದ್ದರು. ಒಳಗೆ ಬಂದ ಮೇಲೆ ಏನನ್ನೂ ಮುಟ್ಟದಂತೆ ಎರಡೂ ಕೈ ಬೆನ್ನ ಹಿಂದೆ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಒಲೆಯ ಮುಂದೆ ನಿಂತವನು. ಸಾಂಬಾರನ್ನು ಅಂಗೈಗೆ ಒಂದು ತೊಟ್ಟು ಬಿಟ್ಟು ನೆಕ್ಕಿದರೇ ನನಗೆ ರುಚಿ ತಿಳಿಯುವುದು. ಸೌಟು ಅಂಗೈಯತ್ತ ಬಾಗಿದ ಕೂಡಲೇ ಹಿಂದಿನಿಂದ ಅವರ ದನಿ ಬರುತ್ತಿತ್ತು: "ಅಣ್ಣಾ, ಚಮಚ ಎಲ್ಲಿ?"

ಕೊನೆಯ ದಿನ ಅವರೆದುರು ಅಡುಗೆ ಮಾಡಿ ತೋರಿಸುವ ಪರೀಕ್ಷೆ. ಸರ್ಟಿಫಿಕೇಟ್ ಸಿಗದಿದ್ದರೆ ಒಲೆ ಬಿಟ್ಟು ತರಕಾರಿ ಹೆಚ್ಚಲು ಕೂರಬೇಕು ಎಂದು ಧಣಿಗಳು ಹೇಳಿಬಿಟ್ಟಿದ್ದರು. ಅಂದು ನಾನು ಸಾಂಬಾರಿನ ರುಚಿಯನ್ನು ಚಮಚದಲ್ಲೇ ನೋಡಿ, ಅದನ್ನು ತೊಳೆಯಲು ಹಾಕಿ, ಒಗ್ಗರಣೆ ಕೊಟ್ಟೆ. ಇಂಗಿನ ಘಮ ಎದ್ದಿತು. ಮೇಡಂ ಹತ್ತಿರ ಬಂದವರೇ ಬೆನ್ನ ಹಿಂದಿನ ಕೈ ತೆಗೆದು ಅಂಗೈ ಚಾಚಿದರು. "ಒಂದು ತೊಟ್ಟು ಹಾಕಿ ಅಣ್ಣಾ."

"ಮೇಡಂ, ಚಮಚ ಎಲ್ಲಿ?" ಎಂದೆ.

ಅಡುಗೆಮನೆಯೆಲ್ಲ ನಕ್ಕಿತು. "ಅರೇ ದೇವಾ, ನಮ್ಮಮ್ಮ ಹೀಗೇ ಅಂಗೈಗೆ ಹಾಕ್ತಿದ್ರು" ಎನ್ನುತ್ತ ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ. ಚಮಚ ತಂದು ರುಚಿ ನೋಡಿದರು. "ಪಾಸ್ ಅಣ್ಣಾ! ಆದ್ರೆ ಉಪ್ಪು ಥೋಡಾ ಕಮ್ಮಿ."

"ಉಪ್ಪಿನ ಪರೀಕ್ಷೆ ನಿಮ್ಮದಲ್ಲ ಮೇಡಂ, ನನ್ನದು. ಇನ್ನೊಮ್ಮೆ ನೋಡಿ."

ಇನ್ನೊಮ್ಮೆ ನೋಡಿದರು, ಹೊಸ ಚಮಚದಲ್ಲಿ. ಆಮೇಲೆ ಒಂದು ಪ್ಲೇಟ್ ಇಡ್ಲಿಯನ್ನೂ ಕೇಳಿದರು.