ಯಾವ ಮಗು?

ಸಂಪಿನ ಮುಚ್ಚಳ ತೆರೆದಿರಬಹುದಿತ್ತು. ಯಾರೋ ಗೇಟಿನ ಚಿಲಕ ಹಾಕುವುದನ್ನು ಮರೆತು, ಮಗು ಖಾಸಬಾಗದ ಬೀದಿಗಳ ಗದ್ದಲದಲ್ಲಿ ಕಳೆದುಹೋಗಿರಬಹುದಿತ್ತು. ಶೇಂಗಾಕಾಳು ಗಂಟಲಲ್ಲಿ ಸಿಕ್ಕಿರಬಹುದಿತ್ತು. ಬಿಸಿ ಸಾರಿನ ಪಾತ್ರೆ ಮಗುಚಿರಬಹುದಿತ್ತು. ಜಾರುಬಂಡಿಯ ಕೆಳಗೆ ಹಾವು ಮಲಗಿರಬಹುದಿತ್ತು. ನಾಯಿ, ಜ್ವರ, ಕರೆಂಟು, ಗುರುತಿಲ್ಲದ ಯಾರೋ ಕಾಕಾ. ಇಷ್ಟೆಲ್ಲ ಒಂದೇ ಬೆಳಿಗ್ಗೆ ಒಂದೇ ಕಡೆ ಆಗುವುದುಂಟೇ ಎಂದು ನೀವು ಕೇಳಬಹುದು. ಕೇಳಿ. ಖಾನಾಪುರದ ಕಚೇರಿಯಲ್ಲಿ ಕೂತು, ಬೆಳಗಾವಿಯಲ್ಲಿ ಬಿಟ್ಟುಬಂದ ಮಗಳ ಶಿಶುವಿಹಾರದಿಂದ ಬಂದ ಅರ್ಧ ಸಾಲನ್ನು ಓದಿದವರು ನೀವಲ್ಲವಲ್ಲ.

ಇದೆಲ್ಲ ಈಗ ನೆನಪಾಗಲು ಕಾರಣ, ಇವತ್ತು ಬೆಳಿಗ್ಗೆ ಮೊಬೈಲಿಗೆ ಬಂದ ಒಂದು 'ಟಿಂಗ್'. ನಾಳೆ ಶಾಲೆ ಅರ್ಧ ದಿನ ಎಂದಷ್ಟೇ ಅದರಲ್ಲಿತ್ತು. ಓದುವ ಮೊದಲೇ ನಾನು ಚಪ್ಪಲಿ ಮೆಟ್ಟಿಕೊಂಡಿದ್ದೆ.

ನಾನು ತಡವಾಗಿ ತಂದೆಯಾದವನು. ಓರಗೆಯವರು ಮಕ್ಕಳ ಮದುವೆಗೆ ಕಲ್ಯಾಣ ಮಂಟಪ ಹುಡುಕುತ್ತಿದ್ದ ವಯಸ್ಸಿನಲ್ಲಿ ನಾನು ನೀರಿನ ಬಾಟಲಿಗೆ 'ನೀಲಾ' ಎಂದು ಚೀಟಿ ಅಂಟಿಸುತ್ತಿದ್ದೆ. ತಡವಾಗಿ ಬಂದದ್ದನ್ನು ಯಾರಾದರೂ ಬೇಗ ಕಸಿದುಕೊಂಡಾರು ಎಂಬ ಲೆಕ್ಕ ನನ್ನದು. ಪಾಲಕರ ಮೊದಲ ಸಭೆಯಲ್ಲೇ ಎದ್ದು ನಿಂತು ಮುಖ್ಯ ಶಿಕ್ಷಕಿಗೆ ಹೇಳಿದ್ದೆ: "ಅಕ್ಕೋರ, ಎಲ್ಲಾ ತಿಳಸ್ರಿ. ಸಾಲಿ ಯಾವಾಗ ಬಿಡ್ತೀರಿ, ಯಾವ ಕೂಸಿಗೆ ಆರಾಮಿಲ್ಲ, ಯಾವ ಮಾವಶಿ ರಜಾ ಮ್ಯಾಲೆ ಹೋಗ್ಯಾರ, ಎಲ್ಲಾ." ಮಕ್ಕಳನ್ನು ನೋಡಿಕೊಳ್ಳುವ ಆಯಾಗಳಿಗೆ ನಮ್ಮಲ್ಲಿ ಮಾವಶಿ ಎನ್ನುತ್ತೇವೆ. ಅಕ್ಕೋರು ನಕ್ಕರು. "ನಿಮ್ಮ ಸಲುವಾಗೇ ಒಂದು ಗ್ರೂಪ್ ಮಾಡಬೇಕಾತು ನೋಡ್ರಿ, ಸರ."

ಮಾಡಿಯೂ ಬಿಟ್ಟರು. ಪ್ರತಿಯೊಂದು ಸುದ್ದಿಯೂ ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಬರುತ್ತಿತ್ತು. ಕಾಯಿಲೆಯ ಮಾತಿದ್ದರೆ ಮಾತ್ರ ಅವರು ಹೆಸರು ಬರೆಯುತ್ತಿರಲಿಲ್ಲ. 'ಒಂದು ಮಗುವಿಗೆ ನೆಗಡಿ', 'ಒಂದು ಮಗುವಿಗೆ ಕಣ್ಣುಬೇನೆ', ಅಷ್ಟೇ. ಒಮ್ಮೆ ನಾನು ಕೆದಕಿ ಕೇಳಿದ್ದಕ್ಕೆ, "ಇಲ್ಲಿ ಬಂದ ಮ್ಯಾಲೆ ಎಲ್ಲಾ ಕೂಸೂ ನನ್ನವೇ. ಹೆಸರು ತಗೊಂಡು ಏನ್ ಮಾಡ್ತೀರಿ?" ಎಂದು ಬಾಯಿ ಮುಚ್ಚಿಸಿದ್ದರು.

ಆ ದಿನ ಮೇಜಿನ ಮೇಲಿದ್ದ ಮೊಬೈಲು ಬೆಳಗಿತು. 'ಪಾಲಕರ ಗಮನಕ್ಕೆ: ಇಂದು ನಮ್ಮಲ್ಲಿ ಒಂದು ಮಗುವಿನ…' ಎನ್ನುವಷ್ಟಕ್ಕೆ ಪರದೆಯ ಸಾಲು ಮುಗಿದಿತ್ತು. ಕನ್ನಡಕ ಹುಡುಕಿ, ತೆರೆದು ನೋಡಿದರೆ, 'ಈ ಸಂದೇಶವನ್ನು ಅಳಿಸಲಾಗಿದೆ.'

ಮಗುವಿನ ಏನು? ಕೈಯೇ, ಕಾಲೇ, ಉಸಿರೇ?

'ಯಾವ ಮಗು?' ಎಂದು ಗ್ರೂಪಿಗೆ ಬರೆದೆ. 'ಏನಾಗಿದೆ? ದಯವಿಟ್ಟು ಹೇಳಿ' ಎಂದೆ. ಅಲ್ಲಿಯವರೆಗೆ ಸುಮ್ಮನಿದ್ದ ಗ್ರೂಪು ಹೊತ್ತಿಕೊಂಡಿತು. 'ಏನಾತ್ರಿ?' 'ಕಾಯ್ ಝಾಲಂ?' 'ಯಾರರೆ ಹೇಳ್ರಿ!' ಅಕ್ಕೋರಿಗೆ ಫೋನು ಹಚ್ಚಿದೆ. ಎಂಗೇಜ್. ಮತ್ತೆ ಹಚ್ಚಿದೆ. ಎಂಗೇಜ್. ಆಸ್ಪತ್ರೆಗೆ ಮಾತಾಡುತ್ತಿರಬೇಕು ಎಂದುಕೊಂಡೆ.

ಪಕ್ಕದ ಮೇಜಿನ ಪಾಟೀಲ ನನ್ನ ಮುಖ ನೋಡಿ, "ಅಳಿಸ್ಯಾರ ಅಂದ್ರ ಏನೂ ಆಗಿಲ್ಲ ಅಂತ. ಚಾ ಕುಡಿ," ಎಂದ.

"ಏನೂ ಆಗಿಲ್ಲಂದ್ರ ಅಳಸ್ತಿದ್ರೇನೋ?"

"ಮಗಳು ಹುಟ್ಟಿದಾಗಿಂದ ನೀ ಎಷ್ಟು ಸಲ ಸತ್ತೀಯೋ ಎಪ್ಪಾ! ಹೋಗು, ಸಾಹೇಬರಿಗೆ ನಾ ಹೇಳ್ತೀನಿ."

ಬಸ್ಸಿನಲ್ಲಿ ಸೀಟು ಸಿಕ್ಕಿತು, ಕೂರಲು ಆಗಲಿಲ್ಲ. ನಿಂತೇ ಅಕ್ಕೋರಿಗೆ ಫೋನು ಹಚ್ಚುತ್ತಲೇ ಇದ್ದೆ. ದಾರಿಯಲ್ಲಿ ಮಚ್ಛೆ ಊರು ಬಂದಾಗ ನನ್ನಾಕಿ, ನೀಲಾಳ ಅವ್ವ, ಕೆಲಸ ಮಾಡುವ ಕಾರ್ಖಾನೆಯ ತಗಡಿನ ಛಾವಣಿ ಕಂಡಿತು. ಒಳಗೆ ಹೋಗುವಾಗ ಕೆಲಸದವರು ಫೋನು ಗೇಟಿನಲ್ಲೇ ಇಟ್ಟು ಹೋಗಬೇಕು. ಅವಳು ಅಲ್ಲಿ ಏನೂ ತಿಳಿಯದೆ ನಿಶ್ಚಿಂತೆಯಿಂದ ಇದ್ದಾಳೆ, ಸಂಜೆ ಅವಳಿಗೆ ನಾನು ಏನೆಂದು ಹೇಳಲಿ? ಕಿಟಕಿಯ ಸರಳು ಹಿಡಿದುಕೊಂಡು ಬೇಡಿಕೊಂಡೆ: ನನ್ನ ಮಗು ಆಗದಿರಲಿ. ಅಂದರೆ ಇನ್ನೊಬ್ಬರದಾಗಲಿ ಎಂದೇ ಅರ್ಥ. ಅದು ಗೊತ್ತಾಯಿತು. ಆದರೂ ಬೇಡಿಕೊಳ್ಳುವುದನ್ನು ನಿಲ್ಲಿಸಲಿಲ್ಲ.

ಆಟೋ ಇಳಿದಾಗ ಶಿಶುವಿಹಾರದ ಅಂಗಳ ತುಂಬ ಪಾಲಕರು. ಒಬ್ಬರು ಅಂಗಡಿಗೆ ಬಾಗಿಲು ಹಾಕಿ ಬಂದಿದ್ದರು, ಇನ್ನೊಬ್ಬಾಕೆಯ ಕೈಗೆ ಹಿಟ್ಟು ಮೆತ್ತಿಕೊಂಡೇ ಇತ್ತು. ಅಕ್ಕೋರು ಅವರೆಲ್ಲರಿಗೂ ಏನೂ ಇಲ್ಲ, ಏನೂ ಇಲ್ಲ ಎಂದು ಎರಡು ಭಾಷೆಯಲ್ಲೂ ಹೇಳಿ ಹೇಳಿ ದಣಿದಿದ್ದರು. ನನ್ನನ್ನು ಕಂಡವರೇ ಬದಿಗೆ ಕರೆದು ದನಿ ತಗ್ಗಿಸಿದರು.

"ಸರ, ಯಾರ ಜೋಡಿ ಮಾತಾಡಕೋತ ಕುಂತಿದ್ರಿ? ಹಚ್ಚೀನಿ ಹಚ್ಚೀನಿ, ಬರೇ ಎಂಗೇಜ್."

"ನಾ ನಿಮಗೇ ಹಚ್ಚಾಕತ್ತಿದ್ದೆ, ಅಕ್ಕೋರ."

ಅವರು ಹಣೆ ಒತ್ತಿಕೊಂಡರು. "ನೀಲಾನ ತಲ್ಯಾಗ ಹೇನು ಆಗ್ಯಾವ. ಎಲ್ಲಾರೂ ಮಕ್ಕಳ ತಲಿ ನೋಡಕೋಲಿ ಅಂತ ಗ್ರೂಪಿನ್ಯಾಗ ಹಾಕಿದೆ. ಹಾಕಿದ ಮ್ಯಾಲೆ, ಮೊದಲ ಮನಿಯವರಿಗೆ ಹೇಳೂದು ಛಲೋ ಅನಸ್ತು. ಅದಕ್ಕ ತಗದು ನಿಮಗ ಹಚ್ಚಿದೆ. ಮಂದಿಗೆ ಗೊತ್ತಾಗೂದು ಬ್ಯಾಡಾಗಿತ್ತು, ಸಣ್ಣ ಕೂಸು."

ಹೇನು! ಗೋಡೆಗೆ ಒರಗಿದೆ. ನಗು ಬಂತು, ತಡೆಯಲಾಗದೆ ಜೋರಾಗಿಯೇ ನಕ್ಕೆ. ಎಲ್ಲರೂ ಇತ್ತ ತಿರುಗಿದರು. ಆ ನಗು ಕೇಳಿಯೇ ಇರಬೇಕು, ನೀಲಾ ತನ್ನ ಗೆಳತಿ ಪ್ರಣಾಲಿಯ ಕೈ ಹಿಡಿದು ಓಡಿಬಂದಳು.

"ಪಪ್ಪಾ, ನನ್ನ ತಲ್ಯಾಗ ಹೇನು ಅದಾವಂತ! ಮಾವಶಿ ತೋರ್ಸಿದ್ಲು. ಭಾಳ ಜೋರ್ ಓಡ್ತಾವ!"

ಅಕ್ಕೋರು ನೆಲ ನೋಡಿದರು. ಪ್ರಣಾಲಿಯ ತಾಯಿ ಮುಂದೆ ಬಂದು, "ಇಕಡೆ ಯೇ, ಬಾಳಾ," ಎಂದು ಮಗಳ ಮೊಣಕೈ ಹಿಡಿದು ತನ್ನತ್ತ ಎಳೆದುಕೊಂಡರು. ಒರಟಾಗಿ ಅಲ್ಲ. ದಾರಿಯುದ್ದಕ್ಕೂ ಅವರೂ ನನ್ನ ಹಾಗೆಯೇ ಬೇಡಿಕೊಂಡು ಬಂದಿರಬೇಕು. ಅವರ ಜಾಗದಲ್ಲಿ ನಾನಿದ್ದರೆ ಇನ್ನೂ ಬೇಗ ಎಳೆದುಕೊಳ್ಳುತ್ತಿದ್ದೆ.

ಬೇವಿನೆಣ್ಣೆ, ಸಣ್ಣ ಹಲ್ಲಿನ ಹಣಿಗೆ ಎರಡೂ ಸೇರಿ ಹೇನು ಹೋದವು. ನೀಲಾ ಈಗ ಎರಡನೆಯ ತರಗತಿ; ಪ್ರಣಾಲಿ ಎಂಬ ಹೆಸರೇ ಅವಳಿಗೆ ನೆನಪಿಲ್ಲ. ಈಗಿನ ಗ್ರೂಪಿನಲ್ಲಿ ಯಾರಿಗೋ ಜ್ವರ ಎಂದು ಬಂದರೆ ನಾನು ಇವತ್ತಿಗೂ ಅಂಜುತ್ತೇನೆ, ಆದರೆ ಯಾರಿಗೆ ಎಂದು ಕೇಳುವುದಿಲ್ಲ. ಅಂಜಿಕೊಂಡದ್ದರಲ್ಲಿ ಒಂದೂ ಆಗಲಿಲ್ಲವಲ್ಲ ಎಂದು ನೀವು ಸಮಾಧಾನ ಹೇಳಬಹುದು. ಖರೇ. ಆ ದಿನ ಆದದ್ದು ಇಷ್ಟೇ: ಗೆಳತಿಯ ಕೈ ಬಿಟ್ಟುಹೋದ ಮೇಲೂ ನೀಲಾ ತನ್ನ ಕೈಯನ್ನು ಸ್ವಲ್ಪ ಹೊತ್ತು ಹಾಗೆಯೇ ಚಾಚಿಕೊಂಡು ನಿಂತಿದ್ದಳು.